ನೀವು ಯಾರ ಕಡೆಯವರು?

ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆ ಇತ್ತು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಎಷ್ಟು ಖರ್ಚಾಯಿತು ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಹಂಚಿದರೆ ಚೆನ್ನಾಗಿರುತ್ತೆ ಅಂತ ನಾನು ಎದ್ದು ನಿಂತು ಹೇಳಿದೆ. ಅಷ್ಟೇ! ಅಧ್ಯಕ್ಷರು ನನ್ನ ಗೆಳೆಯರೇ. ಅವರನ್ನು ನಿಲ್ಲಿಸಿದ್ದು ನಮ್ಮ ಗುಂಪು, ಅವರಿಗಾಗಿ ಮನೆಮನೆ ತಿರುಗಿ ಓಟು ಕೇಳಿದವರಲ್ಲಿ ನಾನೂ ಒಬ್ಬ. ಸಭೆ ಮುಗಿದು ಲಿಫ್ಟಿನ ಹತ್ತಿರ ನಿಂತಿದ್ದಾಗ ಪಕ್ಕದ ಬ್ಲಾಕಿನವರೊಬ್ಬರು ಮೆಲ್ಲಗೆ ಕೇಳಿದರು: "ಮೀರು ಎವರಿ ವೈಪು ಸಾರ್?" ಅಂದರೆ, ನೀವು ಯಾರ ಕಡೆಯವರು?

ನೀರಿನ ಲೆಕ್ಕ ಏನಾಯ್ತು ಅಂತ ಅವರು ಕೇಳಲಿಲ್ಲ. ಯಾರ ಕಡೆ ಅಂತ ಕೇಳಿದರು.

ರಾತ್ರಿ ನಿದ್ದೆ ಬರಲಿಲ್ಲ. ಈ ಪ್ರಶ್ನೆ ನನಗೆ ಹೊಸದಲ್ಲ. ನನಗೆ ಹತ್ತು ವರ್ಷ ಇದ್ದಾಗ, ಚಿತ್ರದುರ್ಗ ಜಿಲ್ಲೆಯ ನಮ್ಮೂರಲ್ಲಿ, ನಮ್ಮ ಮನೆ ಜಗಲಿಯ ಮೇಲೇ ಈ ಪ್ರಶ್ನೆ ಬಂದು ಕೂತಿತ್ತು. ಅದು 1969. ಅಪ್ಪ ತಾಲ್ಲೂಕು ಮಟ್ಟದ ಕಾಂಗ್ರೆಸ್ ಕಾರ್ಯಕರ್ತ, ನಿಜಲಿಂಗಪ್ಪನವರ ಕಡೆ. ಚಿಕ್ಕಪ್ಪನೂ ಕಾಂಗ್ರೆಸ್ಸೇ, ಆದರೆ ಇಂದಿರಾ ಕಡೆ. ಒಂದೇ ಮನೆ, ಒಂದೇ ಒಲೆ, ಗೋಡೆ ಮೇಲೆ ಒಂದೇ ಗಾಂಧಿ ಪಟ. ಆ ವರ್ಷದ ದೀಪಾವಳಿ ಕಳೆದ ಮೇಲೆ ಅಣ್ಣತಮ್ಮ ಇಬ್ಬರೂ ಮಾತು ಬಿಟ್ಟರು. ಹತ್ತು ವರ್ಷ ಬಿಟ್ಟರು.

ಆ ಕತೆಯ ಒಂದು ತುದಿ ಈ ಹೈದರಾಬಾದಿನಲ್ಲೇ ಇದೆ ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಕೆಲಸಕ್ಕೆ ಬಂದ ಮೇಲೆ. ನಾನು ಬಂದಿದ್ದು 1981ರಲ್ಲಿ. ಆಗ ಮಿಯಾಪುರ ಅಂದರೆ ಬಂಡೆ, ಬಯಲು, ಕೆರೆ, ಮುಂಬಯಿ ರಸ್ತೆ. ಈಗ ಮೆಟ್ರೋ ಇಲ್ಲಿಂದಲೇ ಹೊರಡುತ್ತೆ. ಆದರೆ ಬೀದರ್, ಕಲಬುರಗಿ ಕಡೆಯ ನಮ್ಮ ಕೆಂಪು ಬಸ್ಸುಗಳು ಆಗಲೂ ಈಗಲೂ ಜಹೀರಾಬಾದ್ ದಾಟಿ ಈ ರಸ್ತೆಯಲ್ಲೇ ಊರೊಳಗೆ ಬರೋದು. ಇರಲಿ, ವಿಷಯಕ್ಕೆ ಬರೋಣ.

1968ರ ಜನವರಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆದಿದ್ದು ಹೈದರಾಬಾದಿನಲ್ಲಿ. ಕಾಮರಾಜರ ನಂತರ ಅಖಿಲ ಭಾರತ ಅಧ್ಯಕ್ಷರ ಕುರ್ಚಿ ಮೇಲೆ ಕೂತವರು ಮೈಸೂರು ರಾಜ್ಯದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಇದರಲ್ಲೊಂದು ತಮಾಷೆ ಇದೆ ನೋಡಿ. ಅದಕ್ಕೆ ಎಂಟು ವರ್ಷ ಮೊದಲು, 1960ರ ಜನವರಿಯಲ್ಲಿ, ಬೆಂಗಳೂರಿನ ಅಧಿವೇಶನದಲ್ಲಿ ಅಧ್ಯಕ್ಷರಾಗಿದ್ದವರು ಆಂಧ್ರದ ನೀಲಂ ಸಂಜೀವ ರೆಡ್ಡಿ. ತೆಲುಗರು ನಮ್ಮೂರಲ್ಲಿ, ನಮ್ಮವರು ತೆಲುಗರ ಊರಲ್ಲಿ! ಇವರಿಬ್ಬರೂ ಏಕೀಕರಣದ ದಿನ, 1956ರ ನವೆಂಬರ್ 1ರಂದು, ಅಕ್ಕಪಕ್ಕದ ಎರಡು ಹೊಸ ರಾಜ್ಯಗಳಿಗೆ ಮೊದಲ ಮುಖ್ಯಮಂತ್ರಿಗಳಾದವರು. ಮುಂದೆ 1969ರಲ್ಲಿ ಇಬ್ಬರ ಹಣೆಬರಹವೂ ಒಂದೇ ಗಂಟಿಗೆ ಬಿತ್ತು.

ನಿಜಲಿಂಗಪ್ಪನವರು ಅಧ್ಯಕ್ಷರಾದದ್ದು ಇಂದಿರಾ ಗಾಂಧಿಯವರ ವಿರೋಧಿಯಾಗಿ ಅಲ್ಲ, ಎಲ್ಲರೂ ಒಪ್ಪಿದ ಹೆಸರಾಗಿ. 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಲೋಕಸಭೆಯಲ್ಲಿ 283ಕ್ಕೆ ಇಳಿದಿತ್ತು, ಹಲವು ರಾಜ್ಯಗಳು ಕೈ ಬಿಟ್ಟಿದ್ದವು. ಪಕ್ಷವನ್ನು ಕೂಡಿಸಿಕೊಂಡು ಹೋಗುವ ಹಿರಿಯರೊಬ್ಬರು ಬೇಕಿತ್ತು. ಒಂದು ವರ್ಷ ಹೇಗೋ ನಡೆಯಿತು. 1969ರ ಏಪ್ರಿಲ್‌ನಲ್ಲಿ ಫರೀದಾಬಾದ್ ಅಧಿವೇಶನದ ಅಧ್ಯಕ್ಷ ಭಾಷಣದಲ್ಲಿ ನಿಜಲಿಂಗಪ್ಪನವರು ಸರ್ಕಾರಿ ಉದ್ಯಮಗಳ ಕಾರ್ಯವೈಖರಿಯನ್ನು ಟೀಕಿಸಿದರು. ಪ್ರಧಾನಿ ಅದೇ ಅಧಿವೇಶನದಲ್ಲೇ ಎದುರುತ್ತರ ಕೊಟ್ಟರು. ಇಲ್ಲಿವರೆಗೆ ನೋಡಿದರೆ ಇದು ಆರೋಗ್ಯವಂತ ಪಕ್ಷದ ಲಕ್ಷಣವೇ! ಅಧ್ಯಕ್ಷ ಒಂದು ಹೇಳ್ತಾರೆ, ಪ್ರಧಾನಿ ಇನ್ನೊಂದು ಹೇಳ್ತಾರೆ, ಕೂತವರು ಕೇಳ್ತಾರೆ. ಯಾವುದು ಸರಿ ಅನ್ನೋದರ ಬಗ್ಗೆ ಜಗಳ. ಅದು ಅಲ್ಲೇ ನಿಂತಿದ್ದರೆ ನಮ್ಮ ಮನೆ ಒಲೆ ಒಡೆಯುತ್ತಿರಲಿಲ್ಲ.

ನಿಲ್ಲಲಿಲ್ಲ. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಸಭೆ. ರಾಷ್ಟ್ರಪತಿ ಜಾಕಿರ್ ಹುಸೇನ್ (ಅವರೂ ಹೈದರಾಬಾದಿನಲ್ಲೇ ಹುಟ್ಟಿದವರು) ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಪಕ್ಷದ ಸಂಸದೀಯ ಮಂಡಳಿ ಬಹುಮತದಿಂದ ಸಂಜೀವ ರೆಡ್ಡಿಯವರ ಹೆಸರನ್ನು ಆರಿಸಿತು, ಇಂದಿರಾ ಅವರಿಗೆ ಅದು ಬೇಡವಾಗಿತ್ತು. ದೆಹಲಿಗೆ ಹಿಂತಿರುಗಿದವರೇ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ ಆಯಿತು. ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದ್ದ ಪ್ರಧಾನಿ, ಓಟಿನ ಹೊತ್ತಿಗೆ ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ಆಗಸ್ಟ್‌ನಲ್ಲಿ ವಿ. ವಿ. ಗಿರಿ 4,20,077 ಮತಮೌಲ್ಯ ಪಡೆದು ಗೆದ್ದರು, ಸಂಜೀವ ರೆಡ್ಡಿ 4,05,427 ಪಡೆದು ಸೋತರು. ಪಕ್ಷದ ಅಧಿಕೃತ ಅಭ್ಯರ್ಥಿಯನ್ನು ಪಕ್ಷದ ಪ್ರಧಾನಿಯ ಕಡೆಯವರೇ ಸೋಲಿಸಿದರು!

ನಿಜಲಿಂಗಪ್ಪನವರು ಬೀದಿಗೆ ಇಳಿಯಲಿಲ್ಲ, ಕಾಗದ ಬರೆದರು. ಅಕ್ಟೋಬರ್ ಕೊನೆಯಲ್ಲಿ ಪ್ರಧಾನಿಗೆ ಬರೆದ ಪತ್ರದ ಸಾರ ಇಷ್ಟು: ನಿಮಗೆ ನಿಷ್ಠೆ ತೋರಿಸುವುದೇ ಪಕ್ಷಕ್ಕೂ ದೇಶಕ್ಕೂ ನಿಷ್ಠೆ ಅನ್ನುವ ಹಾಗೆ ಮಾಡಿದ್ದೀರಿ. ನವೆಂಬರ್ 1ರಂದು (ಮತ್ತೆ ಅದೇ ನವೆಂಬರ್ 1!) ದೆಹಲಿಯಲ್ಲಿ ಕಾರ್ಯಕಾರಿ ಸಮಿತಿಯ ಎರಡು ಸಭೆಗಳು ಒಂದೇ ದಿನ ನಡೆದವು. ಒಂದು ಜಂತರ್ ಮಂತರ್ ರಸ್ತೆಯ ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿಯ ಮನೆಯಲ್ಲಿ. ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಲಾಯಿತು. ಹಾಲುವಾಗಿಲಿನಲ್ಲಿ ಹುಟ್ಟಿ ಚಿತ್ರದುರ್ಗದಲ್ಲಿ ವಕೀಲಿ ಮಾಡಿದ ಒಬ್ಬ ಕನ್ನಡಿಗ, ಅಧಿಕಾರದಲ್ಲಿರುವ ಪ್ರಧಾನಿಯನ್ನು ಪಕ್ಷದಿಂದ ತೆಗೆದರು ಅಂತ ಅಪ್ಪ ಜಗಲಿಯಲ್ಲಿ ಪೇಪರ್ ಹಿಡಿದು ಗಟ್ಟಿಯಾಗಿ ಓದುತ್ತಿದ್ದದ್ದು ನನಗಿನ್ನೂ ನೆನಪಿದೆ. ಒಳಗಿಂದ ಚಿಕ್ಕಪ್ಪ, "ಅಜ್ಜಂದಿರ ಗುಂಪು ಬಡವರ ಬ್ಯಾಂಕು ತಡೀತಿದೆ" ಅಂತ ಕೂಗಿದ್ದೂ ನೆನಪಿದೆ.

ಇಬ್ಬರಲ್ಲಿ ಯಾರು ಸರಿ? ಇಷ್ಟು ವರ್ಷ ಓದಿ ಕೇಳಿ ನನಗನ್ನಿಸಿದ್ದು: ಇಬ್ಬರೂ ಅರ್ಧ ಸರಿ, ಇಬ್ಬರೂ ಅರ್ಧ ಕುರುಡು. ನಿಜಲಿಂಗಪ್ಪನವರು ಹೇಳಿದ ವ್ಯಕ್ತಿಪೂಜೆಯ ಅಪಾಯ ಸುಳ್ಳಾಗಲಿಲ್ಲ, ಆರೇ ವರ್ಷದಲ್ಲಿ ತುರ್ತುಪರಿಸ್ಥಿತಿ ಬಂತು. ಆದರೆ ಅವರ ಕೈಯೂ ಪೂರ್ತಿ ಶುಭ್ರ ಅಲ್ಲ. ಸಂಜೀವ ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೇಳಲು ಅವರು ಜನಸಂಘ, ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾದರು. ಅದೇ ಇಂದಿರಾ ಬಣಕ್ಕೆ ದೊಡ್ಡ ಅಸ್ತ್ರವಾಯಿತು. ನವೆಂಬರ್ 1ರ ಸಭೆಗೆ ಮೊದಲು ಸಿ. ಸುಬ್ರಮಣ್ಯಂ, ಫಕ್ರುದ್ದೀನ್ ಅಲಿ ಅಹಮದ್ ಇಬ್ಬರನ್ನೂ ಕಾರ್ಯಕಾರಿ ಸಮಿತಿಯಿಂದ ಕೈಬಿಟ್ಟರು. ಭಿನ್ನಮತಕ್ಕೆ ಜಾಗ ಬೇಕು ಅಂತ ಕಾಗದ ಬರೆದವರೇ ತಮ್ಮೆದುರಿನ ಭಿನ್ನಮತೀಯರನ್ನು ಹೊರಗೆ ಹಾಕಿದರು. ಅಪ್ಪ ಇದರ ಬಗ್ಗೆ ಯಾವತ್ತೂ ಮಾತಾಡುತ್ತಿರಲಿಲ್ಲ.

ಜನ ಏನು ಮಾಡಿದರು? 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 352 ಸ್ಥಾನ, ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ 16. ಅವರದೇ ರಾಜ್ಯದಲ್ಲಿ 27ಕ್ಕೆ 27ನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. ಬೆನ್ನಿಗೇ ಬೆಂಗಳೂರಿನಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು. ನಮ್ಮೂರಲ್ಲಿ ಮೆರವಣಿಗೆ ಹೊರಟಿತ್ತು. ಅದರ ಮುಂದೆ ಚಿಕ್ಕಪ್ಪ. ನಮ್ಮ ಮನೆ ಮುಂದೆ ಬಂದಾಗ ಡೋಲು ಇನ್ನೂ ಜೋರಾಯಿತು. ಅಪ್ಪ ಬಾಗಿಲು ಹಾಕಿಕೊಂಡರು.

ಆ ದಿನಗಳಲ್ಲಿ ರಾಜ್ಯದಲ್ಲಿ ಇಂದಿರಾ ಬಣವನ್ನು ಕಟ್ಟಿ ನಿಲ್ಲಿಸಿದವರು ದೇವರಾಜ ಅರಸು. 1972ರ ಮಾರ್ಚಿನಲ್ಲಿ ಮುಖ್ಯಮಂತ್ರಿಯಾದರು. ಹಾವನೂರು ಆಯೋಗ, ಉಳುವವನಿಗೇ ಭೂಮಿ, ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು... ಅವರ ಕೆಲಸ ನಿಮಗೆಲ್ಲ ಗೊತ್ತೇ ಇದೆ. 1977ರಲ್ಲಿ ಉತ್ತರ ಭಾರತ ಇಂದಿರಾ ಅವರನ್ನು ಕೈಬಿಟ್ಟಾಗ ಹಿಡಿದು ನಿಲ್ಲಿಸಿದ್ದು ಈ ಎರಡು ರಾಜ್ಯಗಳು. ಕರ್ನಾಟಕದಲ್ಲಿ 28ರಲ್ಲಿ 26, ಆಂಧ್ರದಲ್ಲಿ 42ರಲ್ಲಿ 41. ಆಂಧ್ರದಲ್ಲಿ ಕೈ ತಪ್ಪಿದ ಆ ಒಂದು ಸೀಟು ನಂದ್ಯಾಲ, ಗೆದ್ದವರು ಅದೇ ನೀಲಂ ಸಂಜೀವ ರೆಡ್ಡಿ! ಅದೇ ವರ್ಷ ಅವರು ಅವಿರೋಧವಾಗಿ ರಾಷ್ಟ್ರಪತಿಯೂ ಆದರು. ಚರಿತ್ರೆಗೂ ಹಾಸ್ಯಪ್ರಜ್ಞೆ ಇರುತ್ತೆ ಅನ್ನೋದು ಇದಕ್ಕೇ ಇರಬೇಕು. 1978ರ ನವೆಂಬರ್‌ನಲ್ಲಿ ಇಂದಿರಾ ಅವರು ಚಿಕ್ಕಮಗಳೂರಿನಿಂದ ಮತ್ತೆ ಲೋಕಸಭೆಗೆ ಹೋದಾಗ ಬೆನ್ನಿಗಿದ್ದವರು ಅರಸು, ಎದುರಿಗೆ ಸೋತವರು ವೀರೇಂದ್ರ ಪಾಟೀಲ್.

ಅಂಥ ಅರಸು 1979ರಲ್ಲಿ ಬಾಯಿ ಬಿಟ್ಟರು. ಸಂಜಯ ಗಾಂಧಿ ಮತ್ತೆ ಪಕ್ಷದಲ್ಲಿ ಮೇಲೆ ಬರುತ್ತಿರುವುದು ಅವರಿಗೆ ಹಿಡಿಸಲಿಲ್ಲ. ರಾಜ್ಯದ ಪಕ್ಷ ಹೇಗಿರಬೇಕು ಅನ್ನೋದನ್ನ ದೆಹಲಿ ನಿರ್ಧರಿಸುವುದೂ ಹಿಡಿಸಲಿಲ್ಲ. ಮುಖ್ಯಮಂತ್ರಿಯೂ ನೀವೇ, ಪ್ರದೇಶ ಅಧ್ಯಕ್ಷರೂ ನೀವೇ, ಒಂದನ್ನು ಬಿಡಿ ಅಂತ ಆ ಕಡೆಯಿಂದ ಒತ್ತಾಯ. ಅದರಲ್ಲೂ ಒಂದು ನ್ಯಾಯ ಇತ್ತು ಅನ್ನಿ, ಆದರೆ ನೆಪ ಯಾವುದು, ಕಾರಣ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. ಜೂನ್‌ನಲ್ಲಿ ಅರಸು ಉಚ್ಚಾಟನೆಯಾದರು, ಪ್ರದೇಶ ಕಾಂಗ್ರೆಸ್ಸಿಗೆ ಬಂಗಾರಪ್ಪ ಬಂದರು. ಶಾಸಕರಲ್ಲಿ ಹೆಚ್ಚಿನವರು ಮೊದಲಿಗೆ ಅರಸು ಜೊತೆಯೇ ಉಳಿದರು. ಆದರೆ 1980ರ ಜನವರಿಯ ಲೋಕಸಭಾ ಫಲಿತಾಂಶದಲ್ಲಿ ರಾಜ್ಯದ 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ, ಒಂದು ಜನತಾ ಪಕ್ಷಕ್ಕೆ. ಅರಸು ಕಾಂಗ್ರೆಸ್ಸಿಗೆ ರಾಜ್ಯದಲ್ಲಿ ಸೊನ್ನೆ. ಅದಾದ ಕೆಲವೇ ದಿನಗಳಲ್ಲಿ ಶಾಸಕರು ಗುಂಪುಗುಂಪಾಗಿ ಆ ಕಡೆ ಹಾರಿದರು. ಜನವರಿ 12ಕ್ಕೆ ಗುಂಡೂರಾವ್ ಮುಖ್ಯಮಂತ್ರಿ.

ಈಗ ಲೆಕ್ಕ ಹಾಕಿ. 1969ರಲ್ಲಿ ನಿಜಲಿಂಗಪ್ಪನವರು ನಿಂತಿದ್ದ ಜಾಗದಲ್ಲೇ 1979ರಲ್ಲಿ ಅರಸು ನಿಂತಿದ್ದರು. ಹೇಳಿದ ಮಾತೂ ಹೆಚ್ಚುಕಮ್ಮಿ ಅದೇ. ಪಕ್ಷ ಅಂದರೆ ಒಬ್ಬರ ಮನೆಯಲ್ಲ ಅಂತ. ಹತ್ತು ವರ್ಷದ ಹಿಂದೆ ಇದೇ ಮಾತನ್ನು ನಿಜಲಿಂಗಪ್ಪ ಹೇಳಿದಾಗ ಅರಸು ಆ ಕಡೆ ನಿಂತಿದ್ದರು. ಅರಸು ಹೇಳಿದಾಗ ಬಂಗಾರಪ್ಪ ಆ ಕಡೆ ನಿಂತರು. ಸ್ವಲ್ಪ ದಿನಕ್ಕೇ ಬಂಗಾರಪ್ಪನವರೂ ಸಿಡಿದೆದ್ದು ಅರಸು ಕಟ್ಟಿದ ಕ್ರಾಂತಿರಂಗಕ್ಕೆ ಬಂದರು. ಬೇರೆಯವರ ಬಾಯಿ ಮುಚ್ಚಿಸುವಾಗ ಚಪ್ಪಾಳೆ ತಟ್ಟಿದವರಿಗೆ, ತಮ್ಮ ಸರದಿ ಬಂದಾಗ ಚಪ್ಪಾಳೆ ತಟ್ಟಲು ಬೇರೆಯವರು ರೆಡಿ ಇರುತ್ತಾರೆ.

1980ರ ಆ ಜನವರಿಯಲ್ಲಿ ಚಿಕ್ಕಪ್ಪ ನಮ್ಮ ಮನೆಗೆ ಬಂದರು. ಅವರು ಅರಸು ಜೊತೆ ಉಳಿದವರು. ಯಾರಿಗೆ ಡೋಲು ಹೊಡೆದಿದ್ದರೋ ಅವರೇ ಅವರ ಮನೆ ಮುಂದೆ ಡೋಲು ಹೊಡೆದಿದ್ದರು. ಹತ್ತು ವರ್ಷದ ಮೇಲೆ ನಮ್ಮ ಜಗಲಿ ಹತ್ತಿ ಸುಮ್ಮನೆ ಕೂತರು. ಅಪ್ಪ ಹೊರಗೆ ಬಂದು, "ಈಗ ಗೊತ್ತಾಯ್ತಾ?" ಅಂದರು. ಅಷ್ಟೇ ಅಂದಿದ್ದು. ಚಿಕ್ಕಪ್ಪ ಅಮ್ಮ ತಂದ ಕಾಫಿ ಕುಡಿದು ಎದ್ದು ಹೋದರು. ಎಷ್ಟೋ ವರ್ಷ ಆದ ಮೇಲೆ, ಹೈದರಾಬಾದಿಗೆ ನಮ್ಮನೆಗೆ ಬಂದಿದ್ದಾಗ, ಅಪ್ಪ ತಾವಾಗೇ ಆ ಮಾತು ತೆಗೆದು, "ಅವತ್ತು ಹಾಗೆ ಅನ್ನಬಾರದಿತ್ತು ಕಣೋ" ಅಂದರು. ಚಿಕ್ಕಪ್ಪ ಆಗ ಇರಲಿಲ್ಲ.

ನಾನು ಇಲ್ಲಿಗೆ ಬಂದ ಮರುವರ್ಷವೇ ಇನ್ನೊಂದು ಕತೆ ಕಣ್ಣೆದುರು ನಡೆಯಿತು. ನಮ್ಮ ಮಿಯಾಪುರದಲ್ಲಿ ಆಲ್ವಿನ್ ಚೌರಸ್ತಾ ಅಂತ ಇದೆ, ಇಲ್ಲಿರುವವರಿಗೆ ಗೊತ್ತು. ಆ ಆಲ್ವಿನ್ ಕಂಪನಿಯಲ್ಲಿ ಕೂಲಿಯಾಗಿ ಶುರುಮಾಡಿ, ಕಾರ್ಮಿಕ ನಾಯಕರಾಗಿ, ಕೊನೆಗೆ ಆಂಧ್ರದ ಮುಖ್ಯಮಂತ್ರಿಯಾದವರು ಟಿ. ಅಂಜಯ್ಯ. 1982ರ ಫೆಬ್ರವರಿಯಲ್ಲಿ ರಾಜೀವ್ ಗಾಂಧಿ ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ಬಂದಿಳಿದರು. ಆಗ ಅವರು ಬರೀ ಸಂಸದ, ಪ್ರಧಾನಿಯ ಮಗ. ಸ್ವಾಗತಕ್ಕೆ ಜನ, ಹಾರ, ಗಲಾಟೆ ಜಾಸ್ತಿಯಾಯಿತು ಅಂತ ಮುಖ್ಯಮಂತ್ರಿಯನ್ನು ಎಲ್ಲರೆದುರು ಗದರಿದರು. ಅಂಜಯ್ಯ ತಿರುಗಿ ಮಾತಾಡಲಿಲ್ಲ, ಆ ತಿಂಗಳು ಮುಗಿಯುವಷ್ಟರಲ್ಲಿ ಕುರ್ಚಿಯೂ ಹೋಯಿತು. ಪಕ್ಷದೊಳಗೆ ಒಬ್ಬರಾದರೂ, "ಇದು ತಪ್ಪು, ಅವರು ಒಂದು ರಾಜ್ಯದ ಮುಖ್ಯಮಂತ್ರಿ" ಅಂತ ಗಟ್ಟಿಯಾಗಿ ಹೇಳಿದ್ದರೆ? ಹೇಳಿದ್ದು ಹೊರಗಿನವರು. ಮಾರ್ಚ್ 29ರಂದು ಎನ್. ಟಿ. ರಾಮರಾವ್ ತೆಲುಗುದೇಶಂ ಪಕ್ಷ ಘೋಷಿಸಿದರು. ತೆಲುಗರ ಆತ್ಮಗೌರವ ಅನ್ನೋ ಮಾತನ್ನು ಹಿಡಿದು ಊರೂರು ಸುತ್ತಿದರು. ಫ್ಯಾಕ್ಟರಿಯಲ್ಲಿ ನನ್ನ ಪಕ್ಕ ಕೆಲಸ ಮಾಡುತ್ತಿದ್ದ ಹುಡುಗರು ರಜೆ ಹಾಕಿ ಅವರ ಸಭೆಗೆ ಹೋಗುತ್ತಿದ್ದರು.

1983ರ ಜನವರಿ ನೆನಪಿಸಿಕೊಳ್ಳಿ. 9ರಂದು ಹೈದರಾಬಾದಿನಲ್ಲಿ ರಾಮರಾವ್ ಪ್ರಮಾಣವಚನ, 10ರಂದು ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆ. ಒಂದು ದಿನದ ಅಂತರ! ಎರಡೂ ರಾಜ್ಯಗಳಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ. 1977ರ ಬಿರುಗಾಳಿಯಲ್ಲೂ ಅಲ್ಲಾಡದ ಎರಡು ಕೋಟೆಗಳು ಆರೇ ವರ್ಷದಲ್ಲಿ ಬಿದ್ದವು. ಕಾರಣ ಬೇರೆ ಬೇರೆ ಇದ್ದವು, ಒಪ್ಪುತ್ತೇನೆ. ನಮ್ಮಲ್ಲಿ ರೈತ ಚಳವಳಿ ಇತ್ತು, ನರಗುಂದ ನವಲಗುಂದದ ಗೋಲಿಬಾರ್ ಇತ್ತು, ಗೋಕಾಕ್ ಚಳವಳಿ ಇತ್ತು. ಆದರೆ ಅದನ್ನೆಲ್ಲ ದೆಹಲಿಗೆ ನೇರವಾಗಿ ಹೇಳುವ ಧೈರ್ಯ ಇದ್ದವರು ಆ ಪಕ್ಷದಲ್ಲಿ ಉಳಿದಿರಲಿಲ್ಲ. ಅಂಥವರನ್ನು 1969ರಲ್ಲಿ ಒಂದು ಸಲ, 1979ರಲ್ಲಿ ಇನ್ನೊಂದು ಸಲ ಗುಡಿಸಿ ಹಾಕಿ ಆಗಿತ್ತು. ಒಳಗೆ ಹೇಳಬಾರದು ಅಂದ ಮಾತು ಸಾಯೋದಿಲ್ಲ ಸ್ವಾಮಿ, ಹೊರಗಿನಿಂದ ಓಟಾಗಿ ಬರುತ್ತೆ.

ಕಲಿತರೇ? ಇಲ್ಲ. 1989ರಲ್ಲಿ ಅದೇ ವೀರೇಂದ್ರ ಪಾಟೀಲರು, ಈ ಸಲ ಇಂದಿರಾ ಕಾಂಗ್ರೆಸ್ಸಿನಿಂದಲೇ, 224ರಲ್ಲಿ 178 ಸ್ಥಾನ ಗೆದ್ದು ಮುಖ್ಯಮಂತ್ರಿಯಾದರು. 1990ರ ಅಕ್ಟೋಬರ್‌ನಲ್ಲಿ ಅವರು ಕಾಯಿಲೆ ಬಿದ್ದಿದ್ದಾಗ, ರಾಜ್ಯದಲ್ಲಿ ಗಲಭೆ ನಡೆದಿದ್ದಾಗ, ಬಂದು ಹೋದ ರಾಜೀವ್ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾವಣೆ ಹೇಳಿಬಿಟ್ಟರು. ಮತ್ತೊಂದು ವಿಮಾನ ನಿಲ್ದಾಣ! ಪಾಟೀಲರ ಜಾಗಕ್ಕೆ ಬಂದವರು ಬಂಗಾರಪ್ಪ, ಅವರನ್ನೂ 1992ರಲ್ಲಿ ಇಳಿಸಲಾಯಿತು. 1994ರಲ್ಲಿ ಆ 178 ಇದ್ದದ್ದು 34ಕ್ಕೆ ಬಂತು.

ಅದೇ 1990ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಏನಾಯಿತು ನೋಡಿ. ಹನ್ನೊಂದು ವರ್ಷ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಹಳೆಯ ಸಹೋದ್ಯೋಗಿ ಜೆಫ್ರಿ ಹೌ ರಾಜೀನಾಮೆ ಕೊಟ್ಟು, ಸಂಸತ್ತಿನಲ್ಲಿ ಎದ್ದು ನಿಂತು, ದನಿ ಏರಿಸದೆ ತಮ್ಮ ನಾಯಕಿಯ ತಪ್ಪುಗಳನ್ನು ಹೇಳಿದರು. ಅವರ ಪಕ್ಷದ ಸಂಸದರೇ ಓಟು ಹಾಕಿದರು, 204ಕ್ಕೆ 152. ಅವರಿಗೆ ಹೆಚ್ಚು ಬಂದಿದ್ದರೂ ಪಕ್ಷದ ನಿಯಮದ ಪ್ರಕಾರ ಸಾಲಲಿಲ್ಲ, ಥ್ಯಾಚರ್ ಕೆಳಗಿಳಿದರು. ಅಲ್ಲಿ ಶಾಸಕರು ನಾಯಕರನ್ನು ಇಳಿಸಿದರು, ಇಲ್ಲಿ ನಾಯಕರು ಶಾಸಕರ ಮುಖ್ಯಮಂತ್ರಿಯನ್ನು ಇಳಿಸಿದರು. ಥ್ಯಾಚರ್ ಪಕ್ಷ 1992ರಲ್ಲಿ ಮತ್ತೆ ಗೆದ್ದಿತು ಅನ್ನೋದನ್ನೂ ಮರೆಯಬಾರದು.

ಇದು ಬರೀ ಒಂದು ಪಕ್ಷದ ಕಾಯಿಲೆ ಅಂದುಕೊಳ್ಳಬೇಡಿ. 1996ರಲ್ಲಿ ದೇವೇಗೌಡರು ಪ್ರಧಾನಿಯಾದ ತಿಂಗಳಲ್ಲೇ ಹೆಗಡೆಯವರನ್ನು ಜನತಾದಳದಿಂದ ಹೊರಹಾಕಿದರು, ಆ ಪಕ್ಷವೂ ಚೂರಾಯಿತು. ಇಲ್ಲಿ ತೆಲುಗುದೇಶಂನಲ್ಲಿ 1995ರ ಆಗಸ್ಟ್‌ನಲ್ಲಿ ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ. ರಾಮರಾವ್ ಅವರಿಗೆ ಎದುರು ಕೂತು ಹೇಳೋಕೆ ಆಗದ ಮಾತು ಪಕ್ಷವನ್ನೇ ಒಡೆದು ಹೊರಬಂತು, ಅಳಿಯನೇ ಮುಖ್ಯಮಂತ್ರಿಯಾದರು. 1985ರ ಪಕ್ಷಾಂತರ ನಿಷೇಧ ಕಾನೂನು ಇದೆಯಲ್ಲ, ಅದು 1980ರಂಥ ಹಾರಾಟ ತಡೆಯಲಿ ಅಂತ ಬಂದದ್ದು. ವಿಪ್ ಮೀರಿ ಓಟು ಹಾಕಿದರೆ ಸದಸ್ಯತ್ವ ಹೋಗುತ್ತೆ. ಹಾರುವವರು ಇವತ್ತೂ ದಾರಿ ಹುಡುಕಿಕೊಂಡು ಹಾರುತ್ತಿದ್ದಾರೆ. ಪಕ್ಷದಲ್ಲೇ ಇದ್ದುಕೊಂಡು ಇದು ಸರಿಯಲ್ಲ ಅನ್ನುವವರು ಮಾತ್ರ ಹೆದರಿ ಕೂತಿದ್ದಾರೆ.

ನಿಜಲಿಂಗಪ್ಪನವರು 2000ದ ಆಗಸ್ಟ್ 8ರಂದು ತೀರಿಕೊಂಡರು, 97 ವರ್ಷ. ಅವರನ್ನು ಸೋಲಿಸಿದ ನಾಯಕಿ, ಆ ನಾಯಕಿಗೆ ಬೆನ್ನಾಗಿ ಆಮೇಲೆ ಬೇಡವಾದ ಅರಸು, ಎಲ್ಲರೂ ಅವರಿಗಿಂತ ಮೊದಲೇ ಹೋಗಿದ್ದರು. ಅವರ ಆರ್ಥಿಕ ವಿಚಾರ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬ್ಯಾಂಕ್ ರಾಷ್ಟ್ರೀಕರಣ ಆಗಿದ್ದರಿಂದಲೇ ನಮ್ಮೂರಿಗೆ ಬ್ಯಾಂಕ್ ಬಂತು ಅಂತ ಚಿಕ್ಕಪ್ಪ ಹೇಳುತ್ತಿದ್ದದ್ದು ನಿಜ ಅಂತಲೇ ನಂಬಿದ್ದೇನೆ. ಆದರೂ ಅವರು ಕಾಗದದ ಕೆಳಗೆ ತಮ್ಮ ಹೆಸರು ಹಾಕಿ ಬರೆದರು. ಕಿವಿಯಲ್ಲಿ ಪಿಸುಗುಟ್ಟಲಿಲ್ಲ. ಅದಕ್ಕೊಂದು ನಮಸ್ಕಾರ.

ಇನ್ನು ನನ್ನ ಕತೆ. ಇದನ್ನು ಹೇಳದೆ ಮುಗಿಸಿದರೆ ಮೋಸ ಆಗುತ್ತೆ. ಎರಡು ವರ್ಷದ ಹಿಂದೆ ಮೂರನೇ ಮಹಡಿಯ ಒಬ್ಬ ಹುಡುಗ, ಸಾಫ್ಟ್‌ವೇರಿನವನು, ಇದೇ ನೀರಿನ ಲೆಕ್ಕ ಕೇಳಿದ್ದ. ಆಗ ಅವನ ಹೆಗಲ ಮೇಲೆ ಕೈ ಹಾಕಿ, "ಬಿಡಪ್ಪಾ, ಅಧ್ಯಕ್ಷರು ನಮ್ಮವರೇ, ಯಾಕೆ ಸುಮ್ಮನೆ" ಅಂದವನು ನಾನೇ. ಅವನು ಆಮೇಲೆ ಯಾವ ಸಭೆಗೂ ಬರಲಿಲ್ಲ. ಮೊನ್ನೆ ಲಿಫ್ಟಿನ ಹತ್ತಿರ ನನ್ನನ್ನು ಕೇಳಿದ ಪ್ರಶ್ನೆಯನ್ನು ಅವನಿಗೆ ಮೊದಲು ಕೇಳಿದವನು ನಾನು, ಬೇರೆ ಮಾತಿನಲ್ಲಿ.

ನಿನ್ನೆ ಸಂಜೆ ಅವನ ಮನೆ ಬೆಲ್ ಒತ್ತಿದೆ. ತಪ್ಪಾಯ್ತು ಅಂದೆ. ಮುಂದಿನ ಸಭೆಗೆ ಇಬ್ಬರೂ ಸೇರಿ ಲೆಕ್ಕ ಕೇಳಿ ಒಂದು ಕಾಗದ ಬರೆಯೋಣ, ಕೆಳಗೆ ಇಬ್ಬರ ಹೆಸರೂ ಇರಲಿ, ಅಧ್ಯಕ್ಷರ ಕೈಗೇ ಕೊಡೋಣ ಅಂದೆ. ಅವನು ನಕ್ಕು, "ಅಂಕಲ್, ಈಗ ನೀವು ಯಾರ ಕಡೆ?" ಅಂದ.

ಅಧ್ಯಕ್ಷರ ಕಡೆಯೇ ಅಂದೆ. ಮುಂದಿನ ಸಲವೂ ಅವರಿಗೇ ಓಟು ಹಾಕೋನು ನಾನು. ಅದಕ್ಕೇ ಕೇಳ್ತಿರೋದು.